ಬೆನ್ನ ಮೇಲೆ ತಲೆಬುರುಡೆ ಇರುವ ಪತಂಗ: ಇದು ಯಾವುದು, ಯಾವ ಗುಂಪಿನದು?

ಎಳ್ಳುಹೊಲ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು, ಸ್ವಲ್ಪ ಉದ್ದ ಆಗಬಹುದು.

ನಮ್ಮದು ರಾಣೆಬೆನ್ನೂರು ಕಡೆಯ ಹಳ್ಳಿ. ಮುಂಗಾರಿಗೆ ಒಂದೆಕರೆ ಎಳ್ಳು ಹಾಕಿದ್ದೇವೆ. ಸುಮಾರು ಒಂದು ತಿಂಗಳ ಹಿಂದೆ ಕಳೆ ತೆಗೆಯುವಾಗ ಒಂದು ಹುಳ ಸಿಕ್ಕಿತು. ನನ್ನ ನಡುಬೆರಳಿಗಿಂತ ಉದ್ದ, ಹೆಬ್ಬೆರಳಿನಷ್ಟು ದಪ್ಪ, ಹಸಿರು ಮೈ, ಎರಡೂ ಪಕ್ಕಕ್ಕೆ ಓರೆಯಾದ ಪಟ್ಟೆಗಳು, ಹಿಂಭಾಗದಲ್ಲಿ ಒಂದು ಕೊಂಬು. ಮೈಮೇಲೆ ಕೂದಲು ಇರಲಿಲ್ಲ, ಹಾಗಾಗಿ ಕಂಬಳಿಹುಳ ಅಲ್ಲ ಅಂತ ಅಷ್ಟು ಗೊತ್ತಾಯಿತು. ಕಡ್ಡಿ ತಾಗಿಸಿದರೆ ಟಿಕ್ ಟಿಕ್ ಅಂತ ಸದ್ದು ಮಾಡಿತು. ಆರನೇ ಕ್ಲಾಸಿನ ಮಗಳು ಸಾಕಿಯೇ ಸಾಕುತ್ತೇನೆ ಅಂತ ಹಟ ಹಿಡಿದಳು. ಬಕೆಟ್ಟಿಗೆ ಅರ್ಧ ಮಣ್ಣು ತುಂಬಿ, ದಿನಾ ಎಳ್ಳಿನ ಸೊಪ್ಪು ಹಾಕಿ, ಮೇಲೆ ಹಳೆಯ ಸೊಳ್ಳೆಪರದೆ ಕಟ್ಟಿಟ್ಟೆವು. ನಾಲ್ಕು ದಿನ ಎಡೆಬಿಡದೆ ತಿಂದಿತು. ಆಮೇಲೆ ಬಣ್ಣ ಮಾಸಿ, ಒಂದು ರಾತ್ರಿ ಮಣ್ಣಿನೊಳಗೆ ಇಳಿದುಬಿಟ್ಟಿತು.

ನಿನ್ನೆ ರಾತ್ರಿ ಹೊರಗೆ ಬಂದಿದೆ. ಬೆನ್ನ ಮೇಲೆ ಮನುಷ್ಯನ ತಲೆಬುರುಡೆಯ ಹಾಗೆ ಗುರುತು, ಎರಡು ಕಣ್ಣಿನ ಗುಳಿ ಸಮೇತ! ಮುಂದಿನ ರೆಕ್ಕೆ ಮರದ ತೊಗಟೆಯ ಬಣ್ಣ, ಹಿಂದಿನ ರೆಕ್ಕೆ ಹಳದಿ, ಅದರ ಮೇಲೆ ಕಪ್ಪು ಪಟ್ಟೆ. ಹೊಟ್ಟೆಯೂ ಹಳದಿ ಕಪ್ಪು. ಮುಟ್ಟಿದ ಕೂಡಲೇ ಇಲಿಮರಿಯ ಹಾಗೆ ಚೀಂ ಅಂತ ಕೂಗಿತು. ನಾನೇ ಕೈ ಹಿಂದಕ್ಕೆ ಎಳೆದುಕೊಂಡೆ. ನಮ್ಮವ್ವ ಅಂತೂ ಇದು ಅಪಶಕುನ, ಈಗಲೇ ಊರ ಹೊರಗೆ ಬಿಟ್ಟು ಬಾ ಅನ್ನುತ್ತಿದ್ದಾಳೆ. ಮಗಳು ಅಳುತ್ತಿದ್ದಾಳೆ.

ಫೋನಿನಲ್ಲಿ ಹುಡುಕಿದರೆ ಒಂದು ಕಡೆ ಅಟ್ರೊಪಾಸ್ ಅಂತಾರೆ, ಇನ್ನೊಂದು ಕಡೆ ಸ್ಟಿಕ್ಸ್, ಮತ್ತೊಂದು ಕಡೆ ಲ್ಯಾಕೆಸಿಸ್. ಮೂರರ ಬೆನ್ನ ಮೇಲೂ ಅದೇ ಬುರುಡೆ. ಹಾಗಾದರೆ ಬೇರೆ ಬೇರೆ ಅಂತ ಹೇಗೆ ಹೇಳುವುದು? ಇದು ಯಾವ ಗುಂಪಿಗೆ ಸೇರುತ್ತದೆ? ಚಿಟ್ಟೆ ಜಾತಿಯ ಹುಳ ಬಾಯಿಂದ ಕೂಗುತ್ತದೆ ಅನ್ನುವುದು ನಿಜವಾ? ಗೊತ್ತಿದ್ದವರು ಬಿಡಿಸಿ ಹೇಳಿ, ಮಗಳಿಗೂ ಓದಿ ಹೇಳಬೇಕು.

ಇರುಳುದೀಪ:

ಮೊದಲು ಅವ್ವನಿಗೆ ಹೇಳಿ, ಅದು ಕಚ್ಚುವುದಿಲ್ಲ, ಕುಟುಕುವುದಿಲ್ಲ, ವಿಷವೂ ಇಲ್ಲ. ಮಗಳಿಗೆ ಹೇಳಿ, ಮೊದಲ ಸಲವೇ ಹುಳದಿಂದ ಪತಂಗದವರೆಗೆ ಸಾಕಿದ್ದು ದೊಡ್ಡ ವಿಷಯ. ಈ ಹುಳಕ್ಕೆ ಮಣ್ಣು ಬೇಕು ಅಂತ ತಿಳಿಯದೆ ಡಬ್ಬಿಯಲ್ಲಿಟ್ಟು ಸಾಯಿಸುವವರೇ ಜಾಸ್ತಿ. ನೀವು ಬಕೆಟ್ಟಿಗೆ ಮಣ್ಣು ಹಾಕಿದ್ದರಿಂದಲೇ ಅದು ಬದುಕಿತು.

ನಾನು ಹದಿನೈದು ವರ್ಷದಿಂದ ಆಗುಂಬೆ ಸುತ್ತಮುತ್ತ ರಾತ್ರಿ ಬಿಳಿ ಬಟ್ಟೆ ಕಟ್ಟಿ, ದೀಪ ಹಾಕಿ ಪತಂಗ ನೋಡುತ್ತಿದ್ದೇನೆ. ನಿಮಗೆ ಸಿಕ್ಕಿದ್ದು ಅಕೆರಾಂಟಿಯಾ ಕುಲದ್ದು, ಅದರಲ್ಲಿ ಅನುಮಾನ ಬೇಡ. ಇಡೀ ಪ್ರಪಂಚಕ್ಕೆ ಈ ಕುಲದಲ್ಲಿ ಇರುವುದು ಮೂರೇ ಪ್ರಭೇದ, ನೀವು ಹೇಳಿದ ಆ ಮೂರೇ. ಅಟ್ರೊಪಾಸನ್ನು ಈಗಲೇ ಬಿಟ್ಟುಬಿಡಿ. ಅದು ಆಫ್ರಿಕಾ, ಯುರೋಪು, ಪಶ್ಚಿಮ ಏಷ್ಯಾದ್ದು, ನಮ್ಮಲ್ಲಿ ಇಲ್ಲ. ಅಂತರ್ಜಾಲದ ಚಿತ್ರಗಳಲ್ಲಿ ಅದೇ ಜಾಸ್ತಿ ಇರುವುದರಿಂದ ಫೋನಿನ ಆ್ಯಪ್‌ಗಳು ಅದನ್ನೇ ಮುಂದಿಡುತ್ತವೆ. ಉಳಿದದ್ದು ಎರಡು, ಸ್ಟಿಕ್ಸ್ ಮತ್ತು ಲ್ಯಾಕೆಸಿಸ್. ಎರಡೂ ಕರ್ನಾಟಕದಲ್ಲಿ ಇವೆ.

ಈಗ ಗುಂಪಿನ ವಿಷಯ. ಚಿಟ್ಟೆ ಪತಂಗ ಎಲ್ಲಾ ಸೇರಿ ಲೆಪಿಡಾಪ್ಟೆರಾ, ಅಂದರೆ ರೆಕ್ಕೆಯ ಮೇಲೆ ಹುರುಪೆ ಇರುವವು. ಕೈಗೆ ಅಂಟುವ ಆ ಪುಡಿಯೇ ಹುರುಪೆ. ಅದರೊಳಗೆ ಬಾಂಬಿಕಾಯ್ಡಿಯಾ ಅಂತ ಒಂದು ದೊಡ್ಡ ಮನೆತನ. ರಾಮನಗರದ ಮಾರುಕಟ್ಟೆಗೆ ಗೂಡು ಬರುತ್ತದಲ್ವಾ, ಆ ರೇಷ್ಮೆ ಹುಳವೂ ಇದೇ ಮನೆತನದ್ದು. ರೇಷ್ಮೆ ಸಾಕಿದವರು ನೆನಪು ಮಾಡಿಕೊಳ್ಳಿ, ರೇಷ್ಮೆ ಹುಳದ ಹಿಂಭಾಗದಲ್ಲೂ ಒಂದು ಪುಟ್ಟ ಕೊಂಬು ಇರುತ್ತದೆ. ನಿಮ್ಮ ಎಳ್ಳಿನ ಹುಳದ ಕೊಂಬು ಅದರ ದಾಯಾದಿ.

ಆ ಮನೆತನದೊಳಗೆ ಸ್ಫಿಂಜಿಡೆ ಅನ್ನುವ ಕುಟುಂಬ. ಹಾಕ್ ಮಾತ್ ಅಂತ ಕರೆಯುವುದು ಇವನ್ನೇ, ಕನ್ನಡದಲ್ಲಿ ಕೆಲವರು ಗಿಡುಗ ಪತಂಗ ಅನ್ನುತ್ತಾರೆ. ಪ್ರಪಂಚದಲ್ಲಿ ಸುಮಾರು 1450 ಪ್ರಭೇದ. ದಪ್ಪ ಎದೆ, ಹಿಂದಕ್ಕೆ ಚೂಪಾಗುವ ಹೊಟ್ಟೆ, ಉದ್ದವಾದ ಸಪೂರ ಮುಂದಿನ ರೆಕ್ಕೆ, ಅದಕ್ಕಿಂತ ಬಹಳ ಚಿಕ್ಕ ಹಿಂದಿನ ರೆಕ್ಕೆ. ಜೋರಾಗಿ ಹಾರುವುದಕ್ಕೆ ಕಟ್ಟಿದ ಮೈ. ಸ್ಫಿಂಕ್ಸ್ ಅನ್ನುವ ಹೆಸರು ಬಂದಿದ್ದು ಪತಂಗ ನೋಡಿ ಅಲ್ಲ, ಹುಳ ನೋಡಿ. ಗಾಬರಿಯಾದರೆ ಹುಳ ಮುಂಭಾಗ ಎತ್ತಿ, ತಲೆ ಒಳಗೆ ಎಳೆದುಕೊಂಡು ಅಲ್ಲಾಡದೆ ಕೂರುತ್ತದೆ, ಈಜಿಪ್ಟಿನ ಆ ಕಲ್ಲಿನ ವಿಗ್ರಹದ ಹಾಗೆ. ನಿಮ್ಮ ಹುಳವೂ ಹಾಗೆ ಕೂತಿರಬೇಕು, ಮಗಳನ್ನು ಕೇಳಿ ನೋಡಿ.

ಕುಟುಂಬದೊಳಗೆ ಸ್ಫಿಂಜಿನೆ ಉಪಕುಟುಂಬ, ಅದರೊಳಗೆ ಅಕೆರಾಂಟಿಯಿನಿ ಅನ್ನುವ ಪಂಗಡ, ಅದರೊಳಗೆ ನಿಮ್ಮ ಅಕೆರಾಂಟಿಯಾ. ಇಷ್ಟೇ ವಂಶವೃಕ್ಷ.

ಇನ್ನು ಸ್ಟಿಕ್ಸಾ ಲ್ಯಾಕೆಸಿಸ್ಸಾ ಅನ್ನುವ ಪ್ರಶ್ನೆ. ದಯವಿಟ್ಟು ಬುರುಡೆ ನೋಡಬೇಡಿ. ಬುರುಡೆ ಮೂರಕ್ಕೂ ಇದೆ, ಒಂದೇ ಪ್ರಭೇದದಲ್ಲೂ ಒಂದಕ್ಕೆ ತಿಳಿ, ಇನ್ನೊಂದಕ್ಕೆ ಗಾಢ. ಎಲ್ಲರೂ ಅಲ್ಲೇ ಕಣ್ಣು ನೆಟ್ಟು ಮಿಕ್ಕಿದ್ದನ್ನು ನೋಡುವುದೇ ಇಲ್ಲ. ನೀವು ಎರಡು ಕಡೆ ನೋಡಿ. ಒಂದು, ಹಿಂದಿನ ರೆಕ್ಕೆ ಮೈಗೆ ಸೇರುವ ಬುಡ. ಲ್ಯಾಕೆಸಿಸ್ ಆದರೆ ಬುಡದಲ್ಲೇ ಕಪ್ಪು ಮಚ್ಚೆ, ಅದರಾಚೆ ಅಗಲವಾದ ಕಪ್ಪು ಪಟ್ಟೆಗಳು, ಹಳದಿ ನಡುವೆ ಸಿಕ್ಕಿಹಾಕಿಕೊಂಡ ಹಾಗೆ ಕಾಣುತ್ತದೆ. ಸ್ಟಿಕ್ಸ್ ಆದರೆ ಬುಡ ಹಳದಿಯೇ, ಪಟ್ಟೆಗಳೂ ಸಪೂರ, ಕೆಳಮೂಲೆಯಲ್ಲಿ ಕಪ್ಪಿನ ನಡುವೆ ಒಂದು ಮಸುಕು ನೀಲಿ ಚುಕ್ಕೆ ಇರಬಹುದು. ಎರಡನೆಯದು, ಹೊಟ್ಟೆಯ ಅಡಿಭಾಗ. ಸ್ಟಿಕ್ಸ್‌ಗೆ ಸಾಮಾನ್ಯವಾಗಿ ಅಡಿಯಲ್ಲಿ ಕಪ್ಪು ಪಟ್ಟೆ ಇರುವುದಿಲ್ಲ.

ಅಡಿಭಾಗ ನೋಡಲು ಅದನ್ನು ಹಿಡಿದು ತಿರುಗಿಸಬೇಡಿ. ಅಗಲ ಬಾಯಿಯ ಗಾಜಿನ ಭರಣಿಯೊಳಗೆ ಹತ್ತಿಸಿ, ಅದು ಗಾಜಿನ ಮೇಲೆ ಕೂತಾಗ ಹೊರಗಿನಿಂದ ನೋಡಿ. ಗಾತ್ರವೂ ಅಳೆಯಿರಿ, ಆದರೆ ಅದನ್ನೇ ನಂಬಬೇಡಿ. ರೆಕ್ಕೆ ಬಿಚ್ಚಿದಾಗ ತುದಿಯಿಂದ ತುದಿಗೆ ಸ್ಟಿಕ್ಸ್ 8ರಿಂದ 12 ಸೆಂ.ಮೀ., ಲ್ಯಾಕೆಸಿಸ್ 10ರಿಂದ 13. ನಡುವಿನ ಅಳತೆ ಎರಡಕ್ಕೂ ಹೊಂದುತ್ತದೆ.

ಬೆಂಗಳೂರು ತಾರಸಿ:

ನನ್ನ ಮಲ್ಲಿಗೆ ಕುಂಡದ ಹತ್ತಿರ ಹೋದ ವಾರ ಇಷ್ಟೇ ದೊಡ್ಡ ಬೂದು ಪತಂಗ ಬಂದಿತ್ತು. ಹೊಟ್ಟೆಯ ಎರಡೂ ಪಕ್ಕಕ್ಕೆ ಗುಲಾಬಿ ಬಣ್ಣದ ಪಟ್ಟೆ. ಬುರುಡೆ ಸ್ಪಷ್ಟ ಇರಲಿಲ್ಲ. ಅದೂ ಇದೇನಾ?

ಇರುಳುದೀಪ:

ಅಲ್ಲ. ಗುಲಾಬಿ ಪಟ್ಟೆ ಅಂದರೆ ಆಗ್ರಿಯಸ್ ಕನ್ವಾಲ್ವುಲಿ. ಗೆಣಸಿನ ಬಳ್ಳಿ ತಿನ್ನುವ ಕೊಂಬಿನ ಹುಳ ಅಂತ ರೈತರಿಗೆ ಗೊತ್ತಿರುತ್ತದೆ, ಅದರ ಪತಂಗ. ಆದರೆ ನೀವು ಕೇಳಿದ್ದು ಒಳ್ಳೆಯದಾಯಿತು, ಯಾಕೆಂದರೆ ಅದೂ ಇದೇ ಅಕೆರಾಂಟಿಯಿನಿ ಪಂಗಡದ್ದು, ಹತ್ತಿರದ ಸಂಬಂಧಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯ ಆಗುತ್ತದೆ. ಆಗ್ರಿಯಸ್‌ನ ಹೀರುಕೊಳವೆ ಬಿಚ್ಚಿದರೆ ಸುಮಾರು 10 ಸೆಂ.ಮೀ., ತನ್ನ ಮೈಗಿಂತ ಉದ್ದ. ಗಾಳಿಯಲ್ಲಿ ನಿಂತಲ್ಲೇ ನಿಂತು, ಉದ್ದ ಕೊಳವೆಯ ಹೂವಿನ ತಳದಿಂದ ಮಕರಂದ ಎಳೆಯುತ್ತದೆ. ಅಕೆರಾಂಟಿಯಾದ್ದು ಒಂದೂವರೆ ಸೆಂ.ಮೀ. ಇದ್ದರೆ ಹೆಚ್ಚು. ಮೋಟು, ಗಟ್ಟಿ, ತುದಿ ಚೂಪು. ಅಂಥ ಸೊಂಡಿಲಿನಿಂದ ಆಳದ ಹೂವಿನ ಮಕರಂದ ಸಿಗುವುದಿಲ್ಲ.

ಹಾಗಾದರೆ ಅದು ಎಲ್ಲಿ ಊಟ ಮಾಡುತ್ತದೆ? ಜೇನು ಗೂಡಿನಲ್ಲಿ. ಮೇಣ ಮುಚ್ಚಿದ ಕಣಕ್ಕೆ ಸೊಂಡಿಲು ಚುಚ್ಚಿ ಜೇನು ಹೀರುತ್ತದೆ. ಈ ಒಂದು ಸಂಗತಿ ಮನಸ್ಸಿನಲ್ಲಿ ಇಟ್ಟುಕೊಂಡು ಈ ಕುಲದ ಮೈ ನೋಡಿ, ಒಂದೊಂದು ಅಂಗವೂ ಯಾಕೆ ಹಾಗಿದೆ ಅನ್ನುವುದು ತಾನಾಗಿ ಅರ್ಥ ಆಗುತ್ತಾ ಹೋಗುತ್ತದೆ. ನನಗೆ ಬುರುಡೆಗಿಂತ ಆ ಮೋಟು ಸೊಂಡಿಲೇ ಇದರ ನಿಜವಾದ ಗುರುತು. ಬುರುಡೆ ನಮ್ಮ ಕಣ್ಣಿಗೆ ಕಂಡದ್ದು, ಸೊಂಡಿಲು ಅದರ ಬದುಕು.

ಇಲ್ಲಿ ಜೇನು ಸಾಕುವವರು ಇದ್ದಾರಲ್ಲ, ಅವರು ಹೇಳಲಿ.

ತುಡುವೆ ಪೆಟ್ಟಿಗೆ:

ಶಿರಸಿ ಕಡೆಯಿಂದ. ತುಡುವೆ ಜೇನು ಸಾಕುತ್ತಿದ್ದೇನೆ, ಈಗ 22 ಪೆಟ್ಟಿಗೆ ಇವೆ. ಈ ಪತಂಗವನ್ನು ನಾನು ಜೀವಂತ ನೋಡಿದ್ದು ಎರಡೇ ಸಲ, ಸತ್ತದ್ದು ಒಂದು ಸಲ.

ಸತ್ತದ್ದರ ಕಥೆ ಹೇಳುತ್ತೇನೆ. ಮಳೆಗಾಲ ಮುಗಿದ ಮೇಲೆ ಒಂದು ಪೆಟ್ಟಿಗೆ ತೆರೆದೆ. ತಳಹಲಗೆಯ ಮೇಲೆ ದೊಡ್ಡದೊಂದು ಬಿದ್ದಿತ್ತು. ರೆಕ್ಕೆ ಹರಿದಿತ್ತು, ಎದೆ ಮೇಲಿನ ಕೂದಲು ಉದುರಿ ಹೊಳೆಯುತ್ತಿತ್ತು, ಹೊಟ್ಟೆ ಮಾತ್ರ ಉಬ್ಬಿಕೊಂಡೇ ಇತ್ತು. ಕುಡಿದಿದ್ದು ಜಾಸ್ತಿಯಾಗಿ ಬಾಗಿಲು ದಾಟಲು ಆಗಲಿಲ್ಲವೋ, ಜೇನುಹುಳಗಳೇ ಕೊಂದವೋ, ನನಗೆ ಗೊತ್ತಾಗಲಿಲ್ಲ. ಆ ರಾತ್ರಿಯೆಲ್ಲಾ ಪಾಪ ಒಳಗೆ ಸಿಕ್ಕಿಬಿದ್ದು ಒದ್ದಾಡಿರಬೇಕು ಅನ್ನಿಸಿ ಬೇಜಾರಾಯಿತು. ಮನೆಗೆ ತಂದು ಬಟ್ಟೆಯ ಮೇಲೆ ಇಟ್ಟು ಎಲ್ಲರಿಗೂ ತೋರಿಸಿದೆ.

ಜೀವಂತ ನೋಡಿದ್ದು ರಾತ್ರಿ ಟಾರ್ಚ್ ಹಿಡಿದು ಪೆಟ್ಟಿಗೆ ನೋಡಲು ಹೋದಾಗ. ಬಾಗಿಲ ಹತ್ತಿರ ನಡೆದುಕೊಂಡು ಬರುತ್ತಿತ್ತು, ಹಾರುತ್ತಿರಲಿಲ್ಲ. ಕಾವಲಿನ ಹುಳಗಳು ಮೇಲೆ ಹತ್ತಿದವು, ಅದಕ್ಕೆ ಲೆಕ್ಕವೇ ಇಲ್ಲ. ಚರ್ಮ ಅಷ್ಟು ದಪ್ಪ ಅಂತಾರೆ, ಮುಳ್ಳು ಸುಲಭಕ್ಕೆ ಇಳಿಯುವುದಿಲ್ಲ. ಕಾಲುಗಳೂ ಗಟ್ಟಿ, ಎರಿ ಮೇಲೆ ಹಿಡಿದು ನಡೆಯುತ್ತದೆ. ಆದರೂ ಸಾವಿರಾರು ಹುಳ ಇರುವ ಮನೆಗೆ ಒಂಟಿಯಾಗಿ ನುಗ್ಗುವುದು ಹೇಗೆ ಅನ್ನುವ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಆಮೇಲೆ ಜೇನು ತರಬೇತಿಗೆ ಬಂದಿದ್ದ ಒಬ್ಬ ವಿಜ್ಞಾನಿ ಹೇಳಿದರು. 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಟ್ರೊಪಾಸ್‌ನ ಮೈಮೇಲಿನ ವಾಸನೆಯ ಪದಾರ್ಥ ಪರೀಕ್ಷಿಸಿದರಂತೆ. ನಾಲ್ಕು ಕೊಬ್ಬಿನಾಮ್ಲ ಸಿಕ್ಕಿತಂತೆ. ಅದೇ ನಾಲ್ಕು, ಹೆಚ್ಚು ಕಡಿಮೆ ಅದೇ ಪ್ರಮಾಣದಲ್ಲಿ, ಜೇನುಹುಳದ ಮೈಮೇಲೂ ಇವೆ. ಗೂಡಿನ ಕತ್ತಲೆಯಲ್ಲಿ ಹುಳಗಳು ಒಬ್ಬರನ್ನೊಬ್ಬರು ಗುರುತಿಸುವುದು ವಾಸನೆಯಿಂದ. ಅಂದರೆ ಇದು ನಮ್ಮವರೇ ಅನ್ನುವ ವಾಸನೆ ಹಚ್ಚಿಕೊಂಡು ಒಳಗೆ ಹೋಗುತ್ತದೆ.

ಯುರೋಪಿನಲ್ಲಿ ಇದು ಹಳೆಯ ವಿಷಯ. ಫ್ರಾಂಸ್ವಾ ಹ್ಯೂಬರ್ ಅಂತ ಒಬ್ಬರು ಇದ್ದರು, ಕಣ್ಣು ಕಾಣುತ್ತಿರಲಿಲ್ಲ, ಆದರೂ ಜೇನಿನ ಬಗ್ಗೆ ಅಷ್ಟು ಕಂಡುಹಿಡಿದರು. ಈ ಪತಂಗದ ಕಾಟ ಇದ್ದ ಕಡೆ ಜೇನುಹುಳಗಳೇ ಬಾಗಿಲಿಗೆ ಗೋಡೆ ಕಟ್ಟಿ, ತಮಗೆ ಮಾತ್ರ ನುಸುಳುವಷ್ಟು ಜಾಗ ಬಿಟ್ಟದ್ದನ್ನು ಅವರು ಇನ್ನೂರು ವರ್ಷದ ಹಿಂದೆಯೇ ಬರೆದಿದ್ದಾರೆ. ನಾವೂ ಮಾಡುವುದು ಅದನ್ನೇ, ಬಾಗಿಲು ಚಿಕ್ಕದು ಮಾಡುವುದು. ಅಷ್ಟು ಮಾಡಿದರೆ ಸಾಕು.

ಒಂದು ಮಾತು ಒತ್ತಿ ಹೇಳುತ್ತೇನೆ. ನಮಗೆ ನಿಜವಾದ ಶತ್ರು ಇದಲ್ಲ, ಮೇಣದ ಪತಂಗ. ಅದು ಬೆರಳುಗುರಿನಷ್ಟು ಚಿಕ್ಕದು, ಬೇರೆಯೇ ಕುಟುಂಬದ್ದು, ಅದರ ಹುಳ ಎರಿಯನ್ನೇ ತಿಂದು ಇಡೀ ಪೆಟ್ಟಿಗೆ ಹಾಳು ಮಾಡುತ್ತದೆ. ಬುರುಡೆ ಪತಂಗ ಒಂದು ರಾತ್ರಿಗೆ ಕುಡಿಯುವುದು ಒಂದು ಚಮಚ ಜೇನೂ ಅಲ್ಲ. ಅದನ್ನು ಕಂಡಲ್ಲಿ ಹೊಡೆದು ಸಾಯಿಸುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ.

ಎಳ್ಳುಹೊಲ:

ಇಷ್ಟೆಲ್ಲಾ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಧನ್ಯವಾದ. ಉಪ್ಪಿನಕಾಯಿ ಭರಣಿ ತೊಳೆದು ಒರೆಸಿ ಅದರಲ್ಲಿ ಹತ್ತಿಸಿದೆವು. ಹೊಟ್ಟೆಯ ಅಡಿ ಪೂರ್ತಿ ಹಳದಿ, ಒಂದೂ ಕಪ್ಪು ಪಟ್ಟೆ ಇಲ್ಲ. ಹಿಂದಿನ ರೆಕ್ಕೆಯ ಬುಡವೂ ಹಳದಿ. ನೀಲಿ ಚುಕ್ಕೆ ನನಗೆ ಕಾಣಲಿಲ್ಲ, ಮಗಳಿಗೆ ಕಂಡಿತು, ಮಸುಕಾಗಿ ಇದೆ ಅಂತ ತೋರಿಸಿದಳು. ಅಗಲ 10 ಸೆಂ.ಮೀ. ಚಿಲ್ಲರೆ. ಮುಂದಿನ ರೆಕ್ಕೆಯ ನಡುವೆ ಒಂದು ಪುಟ್ಟ ಕಿತ್ತಳೆ ಚುಕ್ಕೆ ಇದೆ, ಇದಕ್ಕೆ ಏನಾದರೂ ಅರ್ಥ ಇದೆಯಾ?

ಇನ್ನೊಂದು, ಮೀಸೆಗಳು ಮೋಟಾಗಿ ದಪ್ಪ ಇವೆ, ತುದಿಯಲ್ಲಿ ಕೊಕ್ಕೆಯ ಹಾಗೆ ಬಾಗಿವೆ. ಇದು ಪೆಟ್ಟು ಬಿದ್ದು ಆಗಿದ್ದಾ?

ಇರುಳುದೀಪ:

ಹಾಗಾದರೆ ಅಕೆರಾಂಟಿಯಾ ಸ್ಟಿಕ್ಸ್. ಧೈರ್ಯವಾಗಿ ಬರೆದಿಟ್ಟುಕೊಳ್ಳಿ, ತಾರೀಖು, ಊರು, ಎಳ್ಳಿನ ಗಿಡ ಎಲ್ಲಾ ಸೇರಿಸಿ. ಕಿತ್ತಳೆ ಚುಕ್ಕೆಯೂ ಹೊಂದುತ್ತದೆ, ಅಟ್ರೊಪಾಸ್‌ಗೆ ಆ ಜಾಗದಲ್ಲಿ ಬಿಳಿಚು ಚುಕ್ಕೆ ಇರುತ್ತದೆ. ಮೀಸೆಯ ಕೊಕ್ಕೆ ಪೆಟ್ಟಲ್ಲ, ಹುಟ್ಟಿದ್ದೇ ಹಾಗೆ, ಈ ಕುಟುಂಬದಲ್ಲಿ ಅದು ಸಾಮಾನ್ಯ.

ಎಳ್ಳು ಸ್ಟಿಕ್ಸ್‌ಗೆ ಬಹಳ ಇಷ್ಟದ ಗಿಡ, ಆದರೆ ಗಿಡ ನೋಡಿ ಪ್ರಭೇದ ಹೇಳಬಾರದು. ಅವರೆ, ಬದನೆ, ದತ್ತೂರಿ, ಮಲ್ಲಿಗೆ, ಲಂಟಾನ ಹೀಗೆ ಹಲವು ಗಿಡಗಳ ಮೇಲೆ ಈ ಕುಲದ ಹುಳಗಳು ಬೆಳೆಯುತ್ತವೆ. ಹುಳದ ಬಣ್ಣವೂ ನಂಬುವ ಹಾಗಿಲ್ಲ. ಒಂದೇ ತಾಯಿಯ ಮಕ್ಕಳಲ್ಲೇ ಹಸಿರು, ಹಳದಿ, ಕಂದು ಬರಬಹುದು. ನಂಬಬಹುದಾದದ್ದು ಕೊಂಬು. ಅಕೆರಾಂಟಿಯಾ ಹುಳದ ಕೊಂಬಿನ ತುಂಬಾ ಸಣ್ಣ ಸಣ್ಣ ಗಂಟು, ಕೆಳಕ್ಕೆ ಬಾಗಿ ತುದಿಯಲ್ಲಿ ಮತ್ತೆ ಮೇಲಕ್ಕೆ ತಿರುಗುತ್ತದೆ. ಆಗ್ರಿಯಸ್ ಹುಳದ ಕೊಂಬು ನುಣುಪು, ಸುಮ್ನೆ ಬಾಗಿರುತ್ತದೆ ಅಷ್ಟೇ.

ಹೈಸ್ಕೂಲ್ ಮೇಡಂ:

ಎಳ್ಳುಹೊಲದವರೇ, ನಿಮ್ಮ ಮಗಳಿಗೋಸ್ಕರ ನಾನೂ ಸ್ವಲ್ಪ ಬರೆಯುತ್ತೇನೆ, ನಾನು ಜೀವಶಾಸ್ತ್ರದ ಮೇಷ್ಟ್ರು.

ಮೊದಲು ಪದಗಳ ವಿಷಯ, ಮಕ್ಕಳು ಎಡವುವುದು ಇಲ್ಲೇ. ನಾವು ಮಾತಿನಲ್ಲಿ ಎಲ್ಲದಕ್ಕೂ ಜಾತಿ ಅನ್ನುತ್ತೇವೆ. ಕೆಲವು ಪುಸ್ತಕದಲ್ಲಿ ಜೀನಸ್‌ಗೆ ಜಾತಿ ಅಂತ ಇದೆ, ಇನ್ನು ಕೆಲವು ಕಡೆ ಕುಲ ಅಂತ ಇದೆ, ಸ್ಪೀಷಿಸ್‌ಗೆ ಪ್ರಭೇದ. ಯಾವುದನ್ನಾದರೂ ಬಳಸಲಿ, ಒಂದನ್ನೇ ಹಿಡಿದುಕೊಳ್ಳಲಿ. ವೈಜ್ಞಾನಿಕ ಹೆಸರಿನಲ್ಲಿ ಮೊದಲ ಪದ ಕುಲ, ಎರಡನೆಯದು ಪ್ರಭೇದ. ಅಕೆರಾಂಟಿಯಾ ಮನೆ ಹೆಸರು, ಸ್ಟಿಕ್ಸ್ ಅವಳ ಹೆಸರು ಅಂತ ನಾನು ತರಗತಿಯಲ್ಲಿ ಹೇಳುತ್ತೇನೆ, ಥಟ್ಟನೆ ಹಿಡಿಯುತ್ತಾರೆ.

ಈ ಹೆಸರುಗಳು ಬಂದ ದಾರಿಯನ್ನೂ ಹೇಳಬೇಕು. ಲಿನೇಯಸ್ 1758ರಲ್ಲಿ ಹೆಸರಿಟ್ಟಾಗ ಎಲ್ಲಾ ಗಿಡುಗ ಪತಂಗಗಳನ್ನೂ ಸ್ಫಿಂಕ್ಸ್ ಅನ್ನುವ ಒಂದೇ ಕುಲಕ್ಕೆ ಹಾಕಿದ್ದ. ಅಂದರೆ ಇದರ ಅಣ್ಣ ಆಗ ಸ್ಫಿಂಕ್ಸ್ ಅಟ್ರೊಪಾಸ್. ಫ್ಯಾಬ್ರಿಷಿಯಸ್ 1798ರಲ್ಲಿ ಲ್ಯಾಕೆಸಿಸ್ ಸೇರಿಸಿದ. 1809ರಲ್ಲಿ ಲಾಸ್‌ಪೈರೆಸ್ ಅನ್ನುವವನು ಇವುಗಳಿಗೆ ಬೇರೆ ಮನೆ ಬೇಕು ಅಂತ ಅಕೆರಾಂಟಿಯಾ ಕುಲ ಮಾಡಿದ. ವೆಸ್ಟ್‌ವುಡ್ 1847ರಲ್ಲಿ ಸ್ಟಿಕ್ಸ್‌ಗೆ ಹೆಸರಿಟ್ಟ. ಎಲ್ಲವೂ ಗ್ರೀಕರ ಸಾವಿನ ಕಥೆಗಳಿಂದ ತೆಗೆದದ್ದು. ಅಕೆರಾನ್ ಮತ್ತು ಸ್ಟಿಕ್ಸ್ ಸತ್ತವರ ಲೋಕದ ನದಿಗಳು, ನಮ್ಮ ವೈತರಣಿಯ ಹಾಗೆ. ಲ್ಯಾಕೆಸಿಸ್ ಆಯುಸ್ಸಿನ ದಾರ ಅಳೆಯುವವಳು, ಅಟ್ರೊಪಾಸ್ ಅದನ್ನು ಕತ್ತರಿಸುವವಳು. ಬುರುಡೆ ನೋಡಿ ಹೆದರಿದ್ದು ನಿಮ್ಮ ಅವ್ವ ಒಬ್ಬರೇ ಅಲ್ಲ, ಹೆಸರಿಟ್ಟ ವಿದ್ವಾಂಸರಿಗೂ ನೆನಪಾದದ್ದು ಸಾವೇ. ಅವರನ್ನು ಗದರಬೇಡಿ, ಕೂರಿಸಿಕೊಂಡು ತೋರಿಸಿ.

ಇನ್ನು ಕೂಗು. ಹೌದು, ಬಾಯಿಂದಲೇ. ಮಿಡತೆಗಳ ಹಾಗೆ ರೆಕ್ಕೆ ಕಾಲು ಉಜ್ಜಿ ಅಲ್ಲ. ಕೀಟಗಳು ಉಸಿರಾಡುವುದು ಮೈಯ ಪಕ್ಕದ ರಂಧ್ರಗಳಿಂದ, ಬಾಯಿಂದ ಅಲ್ಲ ಅಂತ ನಾವು ಪಾಠ ಮಾಡುತ್ತೇವೆ, ಅದು ಸರಿಯೇ. ಇದರ ಗಾಳಿ ಉಸಿರಿನದಲ್ಲ. ಗಂಟಲಿನಲ್ಲಿ ಜೇನು ಹೀರಲು ಒಂದು ಪಂಪು ಇದೆ. ಅದೇ ಪಂಪಿನಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಬಾಯಿಯ ಮೇಲ್ಭಾಗದಲ್ಲಿ ನಾಲಿಗೆಯ ಹಾಗೆ ಒಂದು ಪುಟ್ಟ ಪದರ ಇದೆ, ಗಾಳಿ ನುಗ್ಗುವಾಗ ಅದು ಅದುರುತ್ತದೆ, ಗರಗರ ಸದ್ದು. ಆಮೇಲೆ ಪಂಪು ಕುಗ್ಗಿ ಗಾಳಿ ಹೊರಗೆ ಬರುತ್ತದೆ, ಅದು ಸೀಟಿ. ಎರಡೂ ಎಷ್ಟು ಬೇಗ ಮುಗಿಯುತ್ತವೆ ಎಂದರೆ ನಮ್ಮ ಕಿವಿಗೆ ಒಂದೇ ಚೀಂ ಅಂತ ಕೇಳುತ್ತದೆ. ಹಾರ್ಮೋನಿಯಂ ನೆನೆಸಿಕೊಳ್ಳಿ, ತಿದಿ ಒತ್ತಿದಾಗ ಗಾಳಿ ನುಗ್ಗಿ ಒಳಗಿನ ಹಿತ್ತಾಳೆ ನಾಲಿಗೆ ಅದುರುತ್ತದಲ್ವಾ, ಹಾಗೆ. ಜರ್ಮನಿಯ ಸಂಶೋಧಕರು 2015ರಲ್ಲಿ ಎಕ್ಸ್‌ರೇ ಮತ್ತು ವೇಗದ ಕ್ಯಾಮೆರಾ ಬಳಸಿ ಅಟ್ರೊಪಾಸ್‌ನ ಈ ಕೆಲಸವನ್ನು ವಿವರವಾಗಿ ತೋರಿಸಿದ್ದಾರೆ. ನನಗೆ ಇದರಲ್ಲಿ ಬಹಳ ಖುಷಿ ಕೊಟ್ಟದ್ದು ಏನೆಂದರೆ, ಮೋಟು ದಪ್ಪ ಸೊಂಡಿಲು, ಮಂದವಾದ ಜೇನು ಎಳೆಯುವ ಬಲವಾದ ಪಂಪು, ಇವು ಊಟಕ್ಕೆ ಬೇಕಾದವು, ಅವೇ ದನಿಯೂ ಆದವು.

ಹುಳ ಮಾಡಿದ ಟಿಕ್ ಟಿಕ್ ಬೇರೆ. ಅದು ದವಡೆ ಕಡಿಯುವ ಸದ್ದು.

ಒಂದು ವಿಷಯದಲ್ಲಿ ಎಚ್ಚರ ಇರಲಿ. ಈ ಕೂಗು ರಾಣಿ ಜೇನಿನ ದನಿಯನ್ನು ಅನುಕರಿಸಿ ಹುಳಗಳನ್ನು ಸುಮ್ಮನಾಗಿಸುತ್ತದೆ ಅಂತ ತುಂಬಾ ಕಡೆ ಬರೆದಿರುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಸಾಬೀತಾಗಿಲ್ಲ. ಮುಟ್ಟಿದಾಗ, ಹಿಡಿದಾಗ ಕೂಗುತ್ತದೆ ಅನ್ನುವುದು ಎಲ್ಲರೂ ಕಂಡದ್ದು, ನೀವೂ ಕಂಡಿರಿ. ಹೆದರಿಸಿ ಓಡಿಸುವ ದನಿ ಅಂತ ನಾನು ಮಕ್ಕಳಿಗೆ ಹೇಳುತ್ತೇನೆ. ವಾಸನೆಯ ವಿಷಯ ಹಾಗಲ್ಲ, ಅದು ಅಳೆದು ನೋಡಿದ್ದು.

ತುಡುವೆ ಪೆಟ್ಟಿಗೆ:

ಮೇಡಂ, ರಾಣಿ ದನಿಯ ಮಾತನ್ನು ನಾನೂ ನಂಬಿಕೊಂಡು ನಾಲ್ಕು ಜನಕ್ಕೆ ಹೇಳಿದ್ದೆ. ಇನ್ನು ಮುಂದೆ ಹಾಗೆ ಹೇಳುವುದಿಲ್ಲ. ನಾನು ಟಾರ್ಚ್ ಹಾಕಿ ನೋಡಿದ ರಾತ್ರಿ ಅದು ಒಂದು ಸಲವೂ ಕೂಗಲಿಲ್ಲ, ಸುಮ್ನೆ ನಡೆದು ಒಳಗೆ ಹೋಯಿತು.

ಕೃಷ್ಣಾ ತೀರ:

ನಮ್ಮದೂ ಎಳ್ಳು ಇದೆ, ಇಂಥ ಹುಳ ವರ್ಷಾ ಬರುತ್ತವೆ. ಔಷಧಿ ಹೊಡೆಯಬೇಕಾ?

ಎಳ್ಳುಹೊಲ:

ನಮ್ಮ ಒಂದೆಕರೆಯಲ್ಲಿ ಈ ಸಲ ಕಂಡದ್ದು ಮೂರು. ಒಂದು ಹುಳ ಒಂದು ಗಿಡ ಬೋಳು ಮಾಡುತ್ತದೆ ನಿಜ, ಆದರೆ ಮೂರಕ್ಕೋಸ್ಕರ ಡಬ್ಬಿ ಔಷಧಿ ಯಾಕೆ ಅಂತ ನಾನು ಹೊಡೆಯಲಿಲ್ಲ. ದೊಡ್ಡ ಹುಳ, ಕೈಯಲ್ಲಿ ಆರಿಸಿದರೆ ಆಯಿತು. ಗಿಡದ ಕೆಳಗೆ ದೊಡ್ಡ ಹಿಕ್ಕೆ ಬಿದ್ದಿರುತ್ತದೆ, ಅದನ್ನು ನೋಡಿ ತಲೆ ಎತ್ತಿದರೆ ಹುಳ ಸಿಗುತ್ತದೆ. ಎಳ್ಳು ಹೂ ಬಿಟ್ಟಾಗ ಜೇನುಹುಳ ಬರುತ್ತವಲ್ಲ, ಔಷಧಿ ಹೊಡೆದರೆ ಮೊದಲು ಸಾಯುವುದು ಅವೇ.

ಬೆಂಗಳೂರು ತಾರಸಿ:

ಒಂದು ಸಣ್ಣ ಪ್ರಶ್ನೆ. ಇವು ದೂರ ಹಾರುತ್ತವಾ, ಅಲ್ಲೇ ಸುತ್ತಾಡುತ್ತವಾ?

ಇರುಳುದೀಪ:

ಅಟ್ರೊಪಾಸ್ ಆಫ್ರಿಕಾಗೂ ಯುರೋಪಿಗೂ ನಡುವೆ ವಲಸೆ ಹೋಗುತ್ತದೆ. 2022ರಲ್ಲಿ ಪ್ರಕಟವಾದ ಒಂದು ಕೆಲಸ ಇದೆ. ಪತಂಗದ ಮೈಗೆ ಪುಟ್ಟ ರೇಡಿಯೊ ಅಂಟಿಸಿ, ಸಣ್ಣ ವಿಮಾನದಲ್ಲಿ ರಾತ್ರಿ ಹಿಂದೆ ಹಿಂದೆ ಹೋದರು, ಜರ್ಮನಿಯಿಂದ ಆಲ್ಪ್ಸ್ ಕಡೆಗೆ. ಎದುರು ಗಾಳಿ ಬೀಸಿದರೂ ಹಿಡಿದ ದಿಕ್ಕು ಬಿಡದೆ ಸುಮಾರು 80 ಕಿ.ಮೀ. ಹಾರಿದವು ಇದ್ದವು. ಆ ಸಪೂರ ರೆಕ್ಕೆ, ದಪ್ಪ ಎದೆ ಸುಮ್ನೆ ಬಂದಿಲ್ಲ.

ಎಳ್ಳುಹೊಲದವರೇ, ಬಿಡುವ ಮುಂಚೆ ಒಂದು ಕೆಲಸ. ಬಕೆಟ್ಟಿನ ಮಣ್ಣಿನಲ್ಲಿ ಖಾಲಿ ಕೋಶ ಇರುತ್ತದೆ, ಹುಷಾರಾಗಿ ತೆಗೆಯಿರಿ. ಹೊಳೆಯುವ ಕಂದು ಬಣ್ಣದ್ದು. ಆಗ್ರಿಯಸ್‌ನ ಕೋಶವಾದರೆ ಮುಂಭಾಗದಲ್ಲಿ ಹೂಜಿಯ ಹಿಡಿಯ ಹಾಗೆ ಒಂದು ಕೊಂಡಿ ಹೊರಗೆ ಚಾಚಿರುತ್ತದೆ, ಆ ಉದ್ದ ಸೊಂಡಿಲು ಬೆಳೆಯುವ ಚೀಲ ಅದು. ಅಕೆರಾಂಟಿಯಾಕ್ಕೆ ಆ ಹಿಡಿ ಇರುವುದಿಲ್ಲ. ಸೊಂಡಿಲೇ ಮೋಟು ಅಲ್ವಾ, ಹೊರಗೆ ಚಾಚುವ ಅಗತ್ಯವೇ ಇಲ್ಲ. ಮಗಳು ತಾನೇ ನೋಡಲಿ.

ಎಳ್ಳುಹೊಲ:

ಸಿಕ್ಕಿತು. ಒಂದು ಗೇಣು ಆಳದಲ್ಲಿ ಮೊಟ್ಟೆಯ ಆಕಾರದ ಕೋಣೆ ಮಾಡಿಕೊಂಡಿತ್ತು, ಒಳಗೋಡೆ ಸಾರಿಸಿದ ಹಾಗೆ ನುಣುಪು. ಕೋಶಕ್ಕೆ ಹಿಡಿ ಇಲ್ಲ, ಸಪಾಟು. ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿ ಇಡಲು ಹೋದಳು, ಹಿಡಿಸಲಿಲ್ಲ, ಕೊನೆಗೆ ಸೋಪಿನ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಡಬ್ಬಿ ಮೇಲೆ ಅಕೆರಾಂಟಿಯಾ ಸ್ಟಿಕ್ಸ್ ಅಂತ ತಾನೇ ಬರೆದಿದ್ದಾಳೆ.

ಈಗ ಎಂಟೂವರೆಗೆ ಬಿಟ್ಟೆವು. ಹಿತ್ತಲ ಗೋಡೆಯ ಮೇಲೆ ಭರಣಿ ಅಡ್ಡ ಮಲಗಿಸಿ ಮುಚ್ಚಳ ತೆಗೆದೆ. ಕೂಡಲೇ ಹಾರಲಿಲ್ಲ. ಗೋಡೆಗೆ ಬಂದು ಎರಡು ಮೂರು ನಿಮಿಷ ರೆಕ್ಕೆ ನಡುಗಿಸುತ್ತಾ ಕೂತಿತು, ಚಳಿಯಾದವರ ಹಾಗೆ. ಅವ್ವ ಬಾಗಿಲಲ್ಲಿ ನಿಂತಿದ್ದವಳು ಹತ್ತಿರ ಬಂದು, ಅದಕ್ಕೇನಾಗಿದೆ, ಯಾಕೆ ನಡುಗುತ್ತದೆ ಅಂತ ಕೇಳಿದಳು. ನನಗೂ ಗೊತ್ತಿರಲಿಲ್ಲ. ಆಮೇಲೆ ಒಮ್ಮೆಲೇ ಎದ್ದು ಹುಣಸೆಮರದ ಕಡೆ ಹೋಯಿತು.

ಹೈಸ್ಕೂಲ್ ಮೇಡಂ:

ಎದೆಯ ಸ್ನಾಯು ಬಿಸಿ ಮಾಡಿಕೊಳ್ಳುವುದು ಅದು. ಅಷ್ಟು ದಪ್ಪ ಮೈ ಎತ್ತಬೇಕಾದರೆ ಸ್ನಾಯು ಮೊದಲು ಕಾಯಬೇಕು, ಅದಕ್ಕೇ ನಡುಗಿಸುತ್ತದೆ. ಅವ್ವನಿಗೆ ಹೇಳಿ.